ಗಾಳಿಪಟಕ್ಕೆ ಬಣ್ಣ, ಓದಿಗೆ ರಜೆ

ಸಂಕ್ರಾಂತಿಗೆ ಹೊಳೆನರಸೀಪುರಕ್ಕೆ ಹೋಗಿದ್ದೆ. ಹಾಸನದ ಇಂಗ್ಲಿಷ್ ಮೀಡಿಯಂ ಶಾಲೆಯೊಂದರಲ್ಲಿ ಒಂದನೇ ಕ್ಲಾಸು ಓದುವ ಅಕ್ಕನ ಮಗಳೂ ಬಂದಿದ್ದಳು. ಕೈಯಲ್ಲೊಂದು ವರ್ಕ್‌ಶೀಟು. 'ಮಾಮ, ಹಬ್ಬದ ಆಕ್ಟಿವಿಟಿ ನೋಡು!' ಮೇಲೆ ಗಾಳಿಪಟ, ಕೆಳಗೆ ಉಕ್ಕುವ ಮಡಕೆ, ನಡುವೆ ಚುಕ್ಕಿಚುಕ್ಕಿಯಾಗಿ 'ಸಂಕ್ರಾಂತಿ'. ಚುಕ್ಕಿ ಸೇರಿಸಿದ್ದಾಳೆ, ಬಣ್ಣ ತುಂಬಿದ್ದಾಳೆ, ಎರಡು ಸ್ಟಾರ್ ಸಿಕ್ಕಿದೆ. 'ಏನು ಬರೆದಿದ್ದೀಯ ಪುಟ್ಟಿ, ಓದು' ಅಂದೆ. ಗಾಳಿಪಟ ನೋಡಿಕೊಂಡು 'ಕೈಟ್' ಅಂದಳು.

ಮೊದಲು ನಗು ಬಂತು. ಆಮೇಲೆ ಹೊಟ್ಟೆಯಲ್ಲಿ ಒಂಥರಾ ಆಯ್ತು.

ಹಬ್ಬದ ನೆಪದಲ್ಲಿ ಓದು ಕಲಿಸುವುದು ಒಳ್ಳೆಯದೇ. ಕೈಯಲ್ಲಿ ಹಿಡಿದ, ಬಾಯಿಗೆ ಹಾಕಿಕೊಂಡ ವಸ್ತುವಿನ ಹೆಸರು ಮಕ್ಕಳಿಗೆ ಬೇಗ ಹತ್ತುತ್ತೆ. ಆದರೆ ಈ ಹಾಳೆಯಲ್ಲಿ ಓದುವ ಕೆಲಸವೇ ಇಲ್ಲ. ಇರುವ ಒಂದು ಪದವೂ ಮಗುವಿಗೆ ದುಬಾರಿ: ಸೊನ್ನೆ, ಕ-ಗೆ ರ ಒತ್ತು, ಮೇಲೊಂದು ದೀರ್ಘ, ಮತ್ತೆ ಸೊನ್ನೆ.

ಅದೇ ಹೊತ್ತಿಗೆ ಅಮ್ಮ ಎಳ್ಳು ಬೀರಲು ತಟ್ಟೆ ಜೋಡಿಸುತ್ತಿದ್ದರು. ಆ ಸಾಮಾನು ನೋಡಿ. ಗೆಣಸು, ಅವರೆಕಾಯಿ, ಕಡಲೆಕಾಯಿ: ಒತ್ತಕ್ಷರವೇ ಇಲ್ಲ. ಎಳ್ಳು, ಬೆಲ್ಲ, ಕಬ್ಬು, ಕೊಬ್ಬರಿ, ಸಕ್ಕರೆ ಅಚ್ಚು: ಎಲ್ಲ ಅದೇ ಅಕ್ಷರಕ್ಕೆ ಅದೇ ಒತ್ತು. ಪಾಠವೇ ತಟ್ಟೆಯಲ್ಲಿತ್ತು. 'ಸಂಕ್ರಾಂತಿ' ಕೊನೆಗೆ ಬರಬೇಕಾದದ್ದು. ಶಾಲೆ ಅದನ್ನೇ ಮೊದಲು ಕೊಟ್ಟಿತ್ತು.

ಕ್ರಮ ಮುಖ್ಯ ಅಂತ ನಮ್ಮ ಸರ್ಕಾರಿ ಶಾಲೆಗಳಿಗೆ ಗೊತ್ತು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿಯಲ್ಲಿ ಕನ್ನಡ ಅ, ಆ, ಇ, ಈ ಅಂತ ಶುರುವಾಗಲ್ಲ; ರ, ಗ, ಸ, ದ, ಅ ಅಂತ ಶುರುವಾಗುತ್ತೆ. ಐದೇ ಅಕ್ಷರಕ್ಕೆ ಮಗು 'ಸರ', 'ಅರಸ', 'ಅಗಸ' ಓದಿಬಿಡುತ್ತೆ. ಫೀಸು ಕಟ್ಟಿ ನಾವು ಕೊಂಡಿದ್ದು ಚುಕ್ಕಿ ಸೇರಿಸುವ ಆಟ.

ಟೀಚರನ್ನು ಬೈದರೆ ಸುಲಭ. ಆದರೆ ಕ್ಲಾಸಿನ ತುಂಬ ಮಕ್ಕಳು, ಸಂಜೆಯೊಳಗೆ ವಾಟ್ಸಾಪ್ ಗ್ರೂಪಿಗೆ ಬಣ್ಣಬಣ್ಣದ ಫೋಟೋ ಬೇಕೆನ್ನುವ ಪೋಷಕರು. ಅಕ್ಕ ಕಳಿಸಿದ ಆ ಫೋಟೋಗೆ ಹಾರ್ಟ್ ಒತ್ತಿದವನು ನಾನೂ ಹೌದು. 'ಎಲ್ಲರ ಮನೆಯಲ್ಲೂ ಎಳ್ಳು-ಬೆಲ್ಲ ಇರಲ್ವಲ್ಲ' ಅಂತೀರಾ? ಸರಿ. ಹಾಗಾದರೆ 'ನಿಮ್ಮನೆ ಹಬ್ಬಕ್ಕೆ ಏನೇನು ತರ್ತಾರೆ?' ಅಂತ ಪ್ರತಿ ಮಗುವನ್ನೂ ಕೇಳಿ ಬೋರ್ಡಿನ ಮೇಲೆ ಬರೆಯಿರಿ. ರಂಜಾನಿನ ಶಾವಿಗೆ, ಕ್ರಿಸ್ಮಸ್ಸಿನ ಕೇಕು ಎಲ್ಲ ಬರಲಿ. ಇದಕ್ಕೆ ಪ್ರಿಂಟರೂ ಬೇಡ.

ಅವತ್ತು ರಾತ್ರಿ ಹಳೇ ಕ್ಯಾಲೆಂಡರ್ ಹಿಂದೆ ತಟ್ಟೆಯ ಸಾಮಾನೆಲ್ಲ ಬರೆದು ಚೀಟಿ ಮಾಡಿದೆ. ಸರಿಯಾಗಿ ಓದಿದ ಚೀಟಿಯ ಸಾಮಾನು ಅವಳಿಗೆ. 'ಬೆಲ್ಲ' ಎರಡು ಸಲ ಓದಿ, ಎರಡು ಸಲ ತಿಂದಳು.

ಮಾರನೇ ದಿನ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡು ನೋಡಿ 'ಹಾ... ಸ... ನ. ಮಾಮ, ನಮ್ಮೂರು!' ಅಂದಳು. 'ಅರಕಲಗೂಡು' ತಡವರಿಸಿದರೂ ದಾಟಿದಳು, ಅದರಲ್ಲೂ ಒತ್ತಿಲ್ಲ. 'ಚನ್ನರಾಯಪಟ್ಟಣ'ದ ಹತ್ತಿರ ನಿಂತಳು. 'ಬೆಲ್ಲದ ಥರಾನೇ ಕಣೇ' ಅಂದೆ. 'ಚನ್ನ... ರಾಯ...' ಅನ್ನುವಷ್ಟರಲ್ಲಿ ಬಸ್ಸು ಹೊರಟೇಹೋಯ್ತು. 'ಇನ್ನೊಂದು ಬರತ್ತಾ ಮಾಮ? ಇರೋಣ' ಅಂದಳು.