ಹಗೇವಿಗೆ ಒಬ್ಬರೇ ಇಳಿಯುವಂತಿಲ್ಲ

ಹಿತಕವರೆ ಸಾರಿಗೆ ಮಸಾಲೆ ಹುರಿದು ಅರೆಯಬೇಕೋ, ಹಸಿಯಾಗಿಯೇ ಅರೆಯಬೇಕೋ ಎಂಬುದನ್ನು ಈ ವಾರ ಇತ್ಯರ್ಥ ಮಾಡುತ್ತೇನೆಂದು ಮಾತು ಕೊಟ್ಟಿದ್ದೆ. ಸೊಗಡಿನ ಅವರೆ ಸಿಗಲಿ ಎಂದು ಭಾನುವಾರ ಮಂಚೇನಹಳ್ಳಿಗೂ ಹೋಗಿ ಬಂದೆ. ಅವರೆ ಸಿಕ್ಕಿತು, ಸಾರೂ ಆಯಿತು. ಆದರೆ ಬರೆಯಲು ಕೂತರೆ ಮನಸ್ಸೆಲ್ಲ ಹಗೇವಿನಲ್ಲೇ ಇದೆ. ನಾಳೆ ಬೆಳಿಗ್ಗೆ ಬರಹ ಪತ್ರಿಕೆಗೆ ಮುಟ್ಟಬೇಕು. ಮಸಾಲೆಯ ಮಾತು ಮುಂದಿನ ವಾರಕ್ಕಿರಲಿ.

ಚಿಕ್ಕಬಳ್ಳಾಪುರದಿಂದ ಗೌರಿಬಿದನೂರಿಗೆ ಹೋಗುವ ದಾರಿಯಲ್ಲಿರುವ ಮಂಚೇನಹಳ್ಳಿ ನಾನು ಹುಟ್ಟಿದ ಊರು. ಆಗ ಅದು ಕೋಲಾರ ಜಿಲ್ಲೆ, ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ. 2007ರಲ್ಲಿ ಜಿಲ್ಲೆ ಬೇರೆಯಾಯಿತು, ಈಗ ಊರೇ ತಾಲ್ಲೂಕು ಕೇಂದ್ರ. ಅಪ್ಪ ಮನೆ ಮಾರಿ ಮೂವತ್ತು ವರ್ಷದ ಮೇಲಾಯಿತು. ಕಲ್ಲು ಚಪ್ಪಡಿಯ ಮಾಡು ಇದ್ದ ಕಡೆ ಎರಡಂತಸ್ತಿನ ತಾರಸಿ ಎದ್ದಿದೆ, ಜಗಲಿ ಇದ್ದ ಜಾಗದಲ್ಲಿ ಕಬ್ಬಿಣದ ಗೇಟು. ಅದರ ಮುಂದೆ ನಿಂತು ನೋಡುತ್ತಿದ್ದಾಗ ಪಕ್ಕದ ಮನೆಯ ದೊಡ್ಡಮ್ಮ ಗುರುತು ಹಿಡಿದರು. "ಎಪ್ಪುಡೊಸ್ತಿವಿ ನಾಯ್ನಾ?" ಎಂದು ತೆಲುಗಿನಲ್ಲಿ ಕೇಳಿ, ನಾನು ಬಾಯಿ ತೆರೆಯುವ ಮೊದಲೇ "ಬಿಸಿಲಲ್ಲಿ ಯಾಕಪ್ಪ ನಿಂತಿದ್ದೀಯ, ಒಳಗೆ ಬಾ" ಎಂದು ಕನ್ನಡಕ್ಕೆ ತಿರುಗಿದರು. ನಮ್ಮ ಊರಿನ ಮಾತೇ ಹಾಗೆ, ಎರಡು ನುಡಿ ಒಂದೇ ಉಸಿರಲ್ಲಿ.

"ನಮ್ಮ ಹಗೇವು ಎಲ್ಲಿತ್ತು ದೊಡ್ಡಮ್ಮ?" ಎಂದೆ.

ಅವರು ಸೆರಗು ಸಿಕ್ಕಿಸಿಕೊಂಡು ಬೀದಿಗಿಳಿದರು. ಅಳತೆ ಹಿಡಿದವರಂತೆ ನಾಲ್ಕು ಹೆಜ್ಜೆ ನಡೆದು ಕಾಂಕ್ರೀಟ್ ರಸ್ತೆಯ ಮೇಲೆ ಬಲಗಾಲು ಊರಿದರು. "ಇಲ್ಲೇ ಇತ್ತಲ್ಲಪ್ಪ. ರೋಡು ಮಾಡೋವಾಗ ಎರಡು ಟ್ರ್ಯಾಕ್ಟರ್ ಮಣ್ಣು ಸುರಿದ್ರು."

ಹಗೇವೆಂದರೆ ಕಾಳು ಕೂಡಿಡಲು ನೆಲದಡಿ ತೋಡುವ ಗುಳಿ. ನಮ್ಮದು ಗಟ್ಟಿ ಗೊರಜು ನೆಲದಲ್ಲಿ ತೋಡಿದ್ದು, ಗುಡಾಣದ ಹಾಗೆ ಬಾಯಿ ಕಿರಿದು, ಹೊಟ್ಟೆ ದೊಡ್ಡದು. ತಳಕ್ಕೂ ಸುತ್ತಲಿಗೂ ರಾಗಿಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಸಂದಿಗೆಲ್ಲ ಕೆಸರು ಮೆತ್ತುತ್ತಿದ್ದರು. ಆಮೇಲೆ ಅದರ ಮೇಲೆ ಎತ್ತಿನ ಗಾಡಿ ಓಡಾಡುತ್ತಿತ್ತು, ನಾವು ಮಕ್ಕಳು ಗೋಲಿ ಆಡುತ್ತಿದ್ದೆವು.

ತೆರೆಯುತ್ತಿದ್ದದ್ದು ಆಷಾಢದ ಹೊತ್ತಿಗೆ, ಮನೆಯೊಳಗಿನ ಕಣಜ ಬರಿದಾದಾಗ. ಹಿಂದಿನ ದಿನವೇ ಅಜ್ಜಿ ಅಕ್ಕಪಕ್ಕದ ಮನೆಗಳಿಗೆ ಹೇಳಿ ಕಳಿಸುತ್ತಿದ್ದರು. ಚಪ್ಪಡಿ ಜರುಗಿಸಿದ ಕೂಡಲೇ ಒಂದು ಕಮಟು ಬೀದಿಗೆಲ್ಲ ಹರಡುತ್ತಿತ್ತು. ಯಾರೂ ಬಗ್ಗಿ ನೋಡುವಂತಿರಲಿಲ್ಲ. ಸಾಕಷ್ಟು ಹೊತ್ತು ಬಿಟ್ಟು, ಹಗ್ಗಕ್ಕೆ ಲಾಟೀನು ಕಟ್ಟಿ ಇಳಿಬಿಡುತ್ತಿದ್ದರು. ಉರಿ ಕುಗ್ಗಿ, ಬತ್ತಿಯ ತುದಿಗೆ ಅಂಟಿಕೊಂಡು, ಆರಿಹೋಗುತ್ತಿತ್ತು. ಹೊಂಗೆ ಕೊಂಬೆ ಕಟ್ಟಿ ಒಳಗೆ ಬೀಸುವುದು, ಮತ್ತೆ ಕಾಯುವುದು, ಮತ್ತೆ ಲಾಟೀನು. ಕೆಳಗೆ ದೀಪ ನೆಟ್ಟಗೆ ನಿಂತು ಉರಿದ ಮೇಲೆಯೇ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಬ್ಬ ಇಳಿಯುತ್ತಿದ್ದ. ಮೇಲೆ ಹಗ್ಗ ಹಿಡಿಯಲು ಇಬ್ಬರು, ಅವನನ್ನು ಬಿಡದೆ ಮಾತಾಡಿಸುತ್ತಿರಲು ಒಬ್ಬ. ಕೆಳಗಿನಿಂದ ದನಿ ಬರದಿದ್ದರೆ ಆ ಕ್ಷಣ ಎಳೆಯಬೇಕು.

ಮುಚ್ಚಿದ ಗುಳಿಯೊಳಗೆ ಕಾಳು ಉಸಿರಾಡಿ ಆಮ್ಲಜನಕ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳ ಬದುಕಲಾರದ್ದು ಅದರಿಂದ. ಮನುಷ್ಯ ಸಾಯುತ್ತಿದ್ದದ್ದೂ ಅದರಿಂದಲೇ. ಹಾಗಾಗಿ ಎಷ್ಟೇ ಸ್ಥಿತಿವಂತನಾದರೂ ತನ್ನ ಹಗೇವನ್ನು ತಾನೊಬ್ಬನೇ ತೆರೆಯುವಂತಿರಲಿಲ್ಲ. ಹಿಂದಿನ ವಾರ ಬೇಲಿಗಾಗಿ ಜಗಳವಾಡಿದವನೂ ಬಂದು ಹಗ್ಗ ಹಿಡಿಯುತ್ತಿದ್ದ. ಊರ ಒಗ್ಗಟ್ಟೆಂದು ನಾವು ಹೊಗಳುವುದರಲ್ಲಿ ಒಂದು ಪಾಲು ಈ ಕೆಟ್ಟ ಗಾಳಿಯ ಭಯದಿಂದ ಹುಟ್ಟಿದ್ದು ಎಂದೇ ನನ್ನ ನಂಬಿಕೆ.

ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಇಳಿಯುತ್ತಿದ್ದವನು ಎಂದೂ ನಮ್ಮ ಮನೆಯವನಾಗಿರಲಿಲ್ಲ. ಊರಾಚೆಯ ಕೇರಿಯಿಂದ ಬರುತ್ತಿದ್ದ. ರಾಗಿ ಮೇಲೆ ಬಂದ ಮೇಲೆ ಅವನಿಗೆ ಒಂದು ಮೊರ ರಾಗಿ, ಗೋಡೆಗಂಟಿ ಕಪ್ಪಾದ ಹೆಂಟೆಗಳು ದನಕ್ಕೆ. ಪ್ರಾಣ ಅವನದು, ರಾಗಿ ನಮ್ಮದು. ಮಗುವಾಗಿದ್ದಾಗ ಇದು ತಿಳಿಯಲಿಲ್ಲ. ಈಗ ಆ ಕಾಂಕ್ರೀಟಿನ ಮೇಲೆ ನಿಂತಾಗ ಮೊದಲು ನೆನಪಾದದ್ದು ಅವನ ದನಿ.

ಕನಕದಾಸರ ರಾಮಧಾನ್ಯ ಚರಿತೆಯನ್ನು ನಾನು ಈ ಅಂಕಣಕ್ಕೆ ಎಷ್ಟು ಸಲ ಕರೆತಂದಿದ್ದೇನೋ ಲೆಕ್ಕವಿಲ್ಲ. ಮತ್ತೊಮ್ಮೆ ಕರೆಯುತ್ತೇನೆ, ಯಾಕೆಂದರೆ ಅದು ಹಗೇವು ಕಂಡವರ ಕಥೆ. ಲಂಕೆ ಗೆದ್ದು ಬರುವ ರಾಮನ ಮುಂದೆ, ಯಾವ ಧಾನ್ಯ ದೊಡ್ಡದೆಂಬ ಚರ್ಚೆ ಏಳುತ್ತದೆ. ಗೌತಮ ನರೆದಲಗನ ಪರ ನಿಲ್ಲುತ್ತಾನೆ. ನರೆದಲಗನೆಂದರೆ ನಮ್ಮ ರಾಗಿ. ಭತ್ತ ಕೆರಳಿ ಕುಲ ಎತ್ತಿ ಹಂಗಿಸುತ್ತದೆ. ಬಡವರ ಹಸಿವಿಗೆ, ಬರಗಾಲಕ್ಕೆ ಒದಗುವವನು ನಾನು ಎಂದು ರಾಗಿ ತಿರುಗಿ ಬೀಳುತ್ತದೆ. ರಾಮ ಆಗಲೇ ತೀರ್ಪು ಕೊಡುವುದಿಲ್ಲ. ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ಭತ್ತ ಸೊರಗಿದೆ, ನರೆದಲಗ ಹೋದಂತೆಯೇ ಬಂದಿದ್ದಾನೆ. ರಾಘವನ ಹೆಸರು ಅವನಿಗೆ ಸಲ್ಲುತ್ತದೆ. ಪಂಡಿತರು ಇದನ್ನು ಮೇಲು ಕೀಳಿನ ಕಥೆಯಾಗಿ ಓದುತ್ತಾರೆ, ಅದು ಸರಿಯೇ. ಆದರೆ ಆ ಸೆರೆಮನೆ ಕವಿಗೆ ಹೊಳೆದದ್ದು ಎಲ್ಲಿಂದ? ಕತ್ತಲು, ಮುಚ್ಚಿದ ಬಾಯಿ, ತಿಂಗಳುಗಟ್ಟಲೆ ಕಾಯುವುದು, ಹೊರಬಂದ ದಿನವೇ ಪರೀಕ್ಷೆ. ಹಗೇವಿನ ಮುಂದೆ ನಿಂತವನಿಗೆ ಮಾತ್ರ ಹೊಳೆಯುವ ತೀರ್ಪು ಅದು.

ಅದಕ್ಕೇ ಹೊಸ ರಾಗಿಯೇ ರಾಗಿ, ಹಳತೆಲ್ಲ ಮುಗ್ಗಲು ಎನ್ನುವ ಪಂಥದ ಜೊತೆ ನನ್ನ ಜಗಳ ಮುಗಿಯುವುದಿಲ್ಲ. ಹೊಸ ರಾಗಿಯ ಮುದ್ದೆ ಬೆರಳಿಗೆ ಅಂಟುತ್ತದೆ, ತಟ್ಟೆಯಲ್ಲಿ ಕೂರುವುದಿಲ್ಲ. ವರ್ಷ ದಾಟಿದ ರಾಗಿಯದು ಮುರಿದರೆ ಮುರಿದಂತೆ ನಿಲ್ಲುತ್ತದೆ, ಸಾರಿನಲ್ಲಿ ಅದ್ದಿದರೆ ಜಾರುತ್ತದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಯಿತು, ರಾಗಿಯಲ್ಲಿ ಸುಣ್ಣದ ಅಂಶವೆಷ್ಟು, ಸಕ್ಕರೆ ಕಾಯಿಲೆಗೆ ಎಷ್ಟು ಹಿತ ಎಂದು ಎಲ್ಲೆಲ್ಲೂ ಕೇಳಿದೆವು. ಅದು ಕೆಡದೆ ಕಾಯುತ್ತದೆ ಎಂಬ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. 1876ರಿಂದ 78ರ ಧಾತು ಈಶ್ವರ ಬರ ಮೈಸೂರು ಸೀಮೆಯನ್ನು ಹಿಂಡಿತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನ 1881ರಲ್ಲಿ 42 ಲಕ್ಷದಷ್ಟಾದರು. ನೆಲದಡಿ ರಾಗಿ ಇದ್ದವರು ಉಳಿದರು ಎಂದು ನಮ್ಮ ಅಜ್ಜಿ ತಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದರು. ಅವರು ಹಗೇವಿನ ಬಾಯಿಗೆ ಅರಿಶಿನ ಕುಂಕುಮ ಇಡದೆ ಚಪ್ಪಡಿ ಮುಟ್ಟಗೊಡುತ್ತಿರಲಿಲ್ಲ.

ದೊಡ್ಡಮ್ಮ ಊಟಕ್ಕೆ ಕೂರಿಸಿದರು. ಅಕ್ಕಿ ನುಚ್ಚು ಬೆರೆಸಿದ ಮುದ್ದೆ, ನಮ್ಮ ಕಡೆಯ ಸಂಗಟಿ. ಹಿಟ್ಟಿನ ಜೊತೆ ನುಚ್ಚು ಕಂಡರೆ ಮುಖ ತಿರುಗಿಸುವ ಮಂಡ್ಯದ ಗೆಳೆಯರು ಇದನ್ನು ಒಮ್ಮೆ ಹಿತಕವರೆ ಸಾರಿನ ಜೊತೆ ಉಣ್ಣಬೇಕು. ರಾಗಿ ಅಂಗಡಿಯದು. ಅವರ ಹೊಲದಲ್ಲಿ ಈಗ ಮುಸುಕಿನ ಜೋಳ.

ಕೈ ತೊಳೆಯಲು ಹಿತ್ತಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲು ಕಂಡಿತು. ಎರಡು ಮೊಳ ಅಗಲದ ಚಪ್ಪಡಿ, ಮೇಲೆಲ್ಲ ಸೋಪು ಸವೆಸಿದ ನುಣುಪು. ಒಂದು ಅಂಚಿನಲ್ಲಿ ಮಾತ್ರ ಹಳೆಯ ಕೆಸರು ಕಲ್ಲಿನ ಹಾಗೆ ಗಟ್ಟಿಯಾಗಿ ಕೂತಿದೆ. ಉಗುರಿನಿಂದ ಕೆರೆದೆ. ಮಣ್ಣಿನೊಳಗೆ ಹುಲ್ಲಿನ ಒಂದು ಎಳೆ.

"ನಿಮ್ಮದೇ ಕಣಪ್ಪ," ಎಂದರು ದೊಡ್ಡಮ್ಮ, ಚೊಂಬು ಬಗ್ಗಿಸುತ್ತ. "ರೋಡಿನೋರು ಒಡೆದು ಹಾಕ್ತೀವಿ ಅಂದ್ರು. ನಾನು ಬಿಡ್ಲಿಲ್ಲ. ಎತ್ತಿ ತರೋಕೆ ನಾಲ್ಕು ಮನೆ ಗಂಡಸರನ್ನ ಕೂಗಬೇಕಾಯ್ತು."