ಮಾಯಾಮೃಗವೂ ಮೊರೆಯ ದನಿಯೂ

2022ರ ಫೆಬ್ರವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ‘ದಿ ಟಿಂಡರ್ ಸ್ವಿಂಡ್ಲರ್’ ಎಂಬ ಸಾಕ್ಷ್ಯಚಿತ್ರವು, ಪ್ರಣಯದ ಸೋಗಿನಲ್ಲಿ ನಡೆಯುವ ವಂಚನೆಯ ವಿಷಯದಲ್ಲಿ ಲೋಕದ ಕಣ್ಣು ತೆರೆಸಿದ ಕೃತಿಯೆಂದು ಹೆಸರಾಗಿದೆ. ಆ ಕೀರ್ತಿ ಅದಕ್ಕೆ ಸಲ್ಲತಕ್ಕದ್ದೇ. ಆದರೆ ಜನರು ಕೊಂಡಾಡುವ ಕಾರಣಕ್ಕಾಗಿ ಅಲ್ಲ. ಖಾಸಗಿ ವಿಮಾನ, ಐಷಾರಾಮಿ ಹೋಟೆಲು, ಬೆಲೆಬಾಳುವ ಉಡುಪು, ಇವುಗಳ ಥಳಕನ್ನು ಕಂಡ ಅನೇಕರು, ದುರಾಶೆಯೇ ವಂಚಿತರಾದ ಹೆಂಗಸರನ್ನು ಕೆಡಿಸಿತೆಂದು ತೀರ್ಪಿತ್ತು, ತಮಗೆ ಅಂಥ ದುರಾಶೆಯಿಲ್ಲವೆಂಬ ಸಮಾಧಾನದಿಂದ ಟಿ.ವಿ. ಆರಿಸಿದರು. ನಿರ್ದೇಶಕಿ ಫೆಲಿಸಿಟಿ ಮಾರಿಸ್ ಮುಂದಿಟ್ಟಿರುವ ಸಾಕ್ಷ್ಯವಾದರೋ ಬೇರೆಯೇ ಕಥೆಯನ್ನು ಹೇಳುತ್ತದೆ.

ಕಥಾನಾಯಕನೆನ್ನಲು ನಾಲಗೆ ಏಳದ ಈ ಕಥಾಪುರುಷನ ಹೆಸರು ಶಿಮೊನ್ ಹಾಯುತ್, ಇಸ್ರೇಲಿನವನು. ವಜ್ರದ ವ್ಯಾಪಾರದಲ್ಲಿ ಪ್ರಖ್ಯಾತರಾದ ಲೆವ್ ಲೆವಿಯೆವ್ ಎಂಬ ಧನಿಕರ ಮಗನೆಂದು ಹೇಳಿಕೊಂಡು, ಆ ಮನೆತನದೊಡನೆ ಎಳ್ಳಷ್ಟೂ ಸಂಬಂಧವಿಲ್ಲದಿದ್ದರೂ ಸೈಮನ್ ಲೆವಿಯೆವ್ ಎಂಬ ಹೆಸರನ್ನು ಧರಿಸಿ, ಟಿಂಡರ್ ಆ್ಯಪ್‌ನಲ್ಲಿ ಹೆಂಗಸರ ಪರಿಚಯ ಮಾಡಿಕೊಳ್ಳುತ್ತಿದ್ದವನು. ಲಂಡನ್ನಿನಲ್ಲಿ ನೆಲಸಿದ್ದ ನಾರ್ವೆಯ ತರುಣಿಯೊಬ್ಬಳನ್ನು ಅವನು ಮೊದಲ ಭೇಟಿಯ ದಿನವೇ ವಿಮಾನದಲ್ಲಿ ಬಲ್ಗೇರಿಯಕ್ಕೆ ಕರೆದೊಯ್ಯುತ್ತಾನೆ. ಆ ವಿಮಾನದಲ್ಲಿ ಅವನ ಪುಟ್ಟ ಮಗಳೂ ಮಗುವಿನ ತಾಯಿಯೂ ಇದ್ದರೆಂಬ ಸಂಗತಿಯನ್ನು ನೋಡುಗನು ಉಪೇಕ್ಷಿಸಬಾರದು. ಮಗುವನ್ನು ಮುದ್ದಿಸುವ ತಂದೆಯನ್ನು ಕಂಡಮೇಲೆ ಯಾರ ಮನಸ್ಸಿನ ಅಗುಳಿಯೂ ಸಡಿಲವಾದೀತು. ತರುವಾಯ ಬೆಳಗು ಬೈಗುಗಳೆನ್ನದೆ ಸಂದೇಶಗಳು, ಜೊತೆಯಾಗಿ ಬಾಳಲು ಮನೆ ನೋಡೆಂಬ ಸೂಚನೆ. ಹೀಗೆ ವಿಶ್ವಾಸವು ಬೇರೂರಿದ ಮೇಲೆ ಒಂದು ರಾತ್ರಿ, ಅಂಗರಕ್ಷಕನ ತಲೆಯಿಂದ ರಕ್ತ ಸುರಿಯುತ್ತಿರುವ ಛಾಯಾಚಿತ್ರವೂ, ಶತ್ರುಗಳು ಬೆನ್ನು ಹತ್ತಿರುವರೆಂಬ ವಾರ್ತೆಯೂ ಬರುತ್ತವೆ. ತನ್ನ ಕಾರ್ಡು ಬಳಸಿದರೆ ಜಾಡು ಹಿಡಿದಾರಾದ್ದರಿಂದ ನಿನ್ನ ಹೆಸರಿನ ಕಾರ್ಡು ಬೇಕು, ಸ್ವಲ್ಪ ದಿನದ ಮಟ್ಟಿಗೆ ಮಾತ್ರ, ಎಂಬುದು ಅವನ ಬೇಡಿಕೆ. ಆಕೆಯು ಒಂಬತ್ತು ಮಂದಿ ಸಾಲದಾತರಿಂದ ಸಾಲ ಎತ್ತಿ ಅವನ ಕೈಗೆ ಸುರಿದ ಹಣ ಸುಮಾರು ಎರಡೂವರೆ ಲಕ್ಷ ಡಾಲರು.

ನಮ್ಮ ರಾಮಾಯಣದ ಪಂಚವಟಿಯ ಪ್ರಸಂಗವನ್ನು ಇಲ್ಲಿ ನೆನೆಯದಿರುವುದು ಕಷ್ಟ. ಸೀತೆಯು ಹೊನ್ನಿನ ಜಿಂಕೆಗೆ ಮರುಳಾದಳೆಂದು ನಾವೆಲ್ಲರೂ ಹೇಳುತ್ತೇವೆ. ಆದರೆ ಜಿಂಕೆಯಿಂದ ಆದುದಾದರೂ ಏನು? ರಾಮನು ಕಾಡಿನೊಳಕ್ಕೆ ಹೋದನು, ಅಷ್ಟೆ. ಪರ್ಣಶಾಲೆಯು ಕಾವಲಿಲ್ಲದಂತಾದುದು ಜಿಂಕೆಯ ವೇಷದ ಮಾರೀಚನು ಸಾಯುವಾಗ ರಾಮನ ದನಿಯಲ್ಲಿ ಲಕ್ಷ್ಮಣನನ್ನು ಕೂಗಿದ ಮೊರೆಯಿಂದ. ಹೋಗಲೊಲ್ಲದ ಲಕ್ಷ್ಮಣನನ್ನು ಕಟುನುಡಿಗಳಿಂದ ಅಟ್ಟಿದವಳ ಎದೆಯಲ್ಲಿ ಆಗ ಇದ್ದುದು ಹೊನ್ನಿನ ಆಸೆಯಲ್ಲ, ಪತಿಯ ಪ್ರಾಣದ ಭಯ. ಹಾಯುತ್‌ನ ವಿಮಾನವು ಜಿಂಕೆ. ರಕ್ತಸಿಕ್ತ ಛಾಯಾಚಿತ್ರವು ಮೊರೆ. ಕೊಳ್ಳುವ ಆಸೆಯಿಂದ ಸಾಲ ಮಾಡುವವನು ಲೆಕ್ಕ ಹಾಕುತ್ತಾನೆ. ಕಾಪಾಡುವ ಆತುರದಿಂದ ಸಾಲ ಮಾಡುವವನಿಗೆ ಲೆಕ್ಕ ಹಾಕುವುದೇ ನಿಷ್ಕರುಣೆಯಾಗಿ ತೋರುತ್ತದೆ.

ಈ ಸತ್ಯಕ್ಕೆ ಚಿತ್ರದಲ್ಲಿಯೇ ಪ್ರಬಲವಾದ ಪ್ರಮಾಣವುಂಟು. ವಂಚಿತರಲ್ಲಿ ಎರಡನೆಯವಳಾದ ಸ್ವೀಡನ್ನಿನ ಹೆಂಗಸು ಅವನ ಪ್ರಣಯಿನಿಯಲ್ಲ, ಸ್ನೇಹಿತೆ. ಅವಳೂ ಇದೇ ಶತ್ರುಗಳ ಕಥೆಯನ್ನು ನಂಬಿಯೇ ಹಣ ಕೊಟ್ಟಳು. ಅವಳೊಡನೆ ಅವನು ಮಾಡಿದ ವಿಹಾರಗಳ ವೆಚ್ಚವೋ ನಾರ್ವೆಯವಳ ಸಾಲದಿಂದ ಬಂದದ್ದು. ಒಬ್ಬಳ ಕಣ್ಣೀರಿನಿಂದ ಇನ್ನೊಬ್ಬಳ ಔತಣ. ವಾಟ್ಸ್‌ಆ್ಯಪ್ ಸಂದೇಶಗಳನ್ನೂ ಧ್ವನಿಮುದ್ರಿಕೆಗಳನ್ನೂ ಇದ್ದಂತೆಯೇ ಕೇಳಿಸಿರುವುದು ಈ ಕೃತಿಯ ಪರಮಗುಣ. ಸಕ್ಕರೆಯಂಥ ಆ ಕಂಠವು ಹಣ ತಡವಾದೊಡನೆ ಗದರಿಕೆಗೆ, ಆಮೇಲೆ ಬೆದರಿಕೆಗೆ ಇಳಿಯುವುದನ್ನು ಕಿವಿಯಾರೆ ಕೇಳಿದವನಿಗೆ ಬೇರೆ ಉಪದೇಶವು ಬೇಕಾಗಲಾರದು.

ದೋಷವಿರುವುದು ಉತ್ತರಾರ್ಧದಲ್ಲಿ. ನಾರ್ವೆಯ ವಿ.ಜಿ. ಪತ್ರಿಕೆಯವರು ಅವನ ಬೆನ್ನುಹತ್ತಿ 2019ರಲ್ಲಿ ಸಂಗತಿಯನ್ನು ಬಯಲಿಗೆಳೆದುದೂ, ಆ ಬರಹವನ್ನು ಓದಿ ಎಚ್ಚೆತ್ತ ಡಚ್ ಪ್ರೇಯಸಿಯೊಬ್ಬಳು ಅವನ ಬಟ್ಟೆಬರೆಗಳನ್ನು ಮಾರಿ ಹಣ ಮಾಡಿಕೊಂಡುದೂ, ಅವನು ಗ್ರೀಸಿನಲ್ಲಿ ಸೆರೆಸಿಕ್ಕಿದುದೂ ಪತ್ತೇದಾರಿ ಕಾದಂಬರಿಯ ವೇಗದಲ್ಲಿ ಸಾಗುತ್ತವೆ. ರಂಜನೆಗೇನೂ ಕೊರತೆಯಿಲ್ಲ; ಆದರೆ ಈ ರಂಜನೆಯು ವಂಚಕನನ್ನು ಅಸಾಮಾನ್ಯನನ್ನಾಗಿ ಮಾಡಿಬಿಡುತ್ತದೆ. ಸಾಮಾನ್ಯ ವಂಚಕನು ವಿಮಾನದಲ್ಲಿ ಬರುವುದಿರಲಿ, ಮುಖವನ್ನೇ ತೋರಿಸುವುದಿಲ್ಲ.

ನಮ್ಮ ದೇಶದಲ್ಲಿ ವಧೂವರಾನ್ವೇಷಣೆಯ ಜಾಲತಾಣಗಳಲ್ಲಿ ನಡೆಯುವ ಬಗೆಯನ್ನೇ ನೋಡಿರಿ. ಲಂಡನ್ನಿನ ಡಾಕ್ಟರೆಂದೋ ಎಂಜಿನಿಯರೆಂದೋ ಹೇಳಿಕೊಂಡವನು ವಿವಾಹದ ಮಾತನಾಡಿ, ಉಡುಗೊರೆಯ ಪಾರ್ಸೆಲ್ ಕಳುಹಿಸಿರುವೆನೆನ್ನುತ್ತಾನೆ, ಇಲ್ಲವೆ ತಾನೇ ಬಂದಿಳಿದೆನೆನ್ನುತ್ತಾನೆ. ಮರುದಿನ ದೆಹಲಿ ವಿಮಾನನಿಲ್ದಾಣದ ಕಸ್ಟಮ್ಸ್ ಅಧಿಕಾರಿಣಿಯೆಂದು ಒಬ್ಬಳು ಫೋನು ಮಾಡಿ, ಪಾರ್ಸೆಲನ್ನೋ ಮನುಷ್ಯನನ್ನೋ ತಡೆದಿದ್ದೇವೆ, ಸುಂಕ ಕಟ್ಟಿ ಬಿಡಿಸಿಕೊಳ್ಳಿ, ಎಂದು ಯಾರದೋ ಖಾತೆಯ ನಂಬರು ಕೊಡುತ್ತಾಳೆ. ಸುಂಕಕ್ಕಾಗಿ ಖಾಸಗಿ ಖಾತೆಗೆ ಹಣ ಹಾಕೆಂದು ತಾನು ಎಂದೂ ಫೋನು ಮಾಡುವುದಿಲ್ಲವೆಂದು ಕಸ್ಟಮ್ಸ್ ಇಲಾಖೆಯು ಸಾರುತ್ತಲೇ ಬಂದಿದ್ದರೂ ಮೊರೆಯ ಎದುರು ಪ್ರಕಟಣೆ ನಿಲ್ಲದು. ಅನ್ಯರ ವೇಷದಲ್ಲಿ ಕಂಪ್ಯೂಟರ್ ಮೂಲಕ ಮೋಸ ಮಾಡಿದವನಿಗೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆವಾಸವುಂಟು. ಹಣ ಹೋದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನು ಮಾಡಿದರೆ ಅದು ಕೈದಾಟುವ ಮುನ್ನ ತಡೆಯುವ ಸಂಭವವೂ ಉಂಟು. ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಆ ಸಂಭವವೂ ಹೋಯಿತು.

ವಿಡಿಯೋ ಕರೆ ಮಾಡಿ ನೋಡಿ, ಭೇಟಿಗೆ ಒತ್ತಾಯಿಸಿ, ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ, ಎಂದು ಎಲ್ಲೆಡೆಯೂ ಕೇಳಿಬರುವ ಬುದ್ಧಿವಾದವು ಮುಖ ತೋರಿಸದ ವಂಚಕನಿಗೆ ಸಾಕು. ಆದರೆ ಹಾಯುತ್‌ನು ಈ ಪರೀಕ್ಷೆಗಳನ್ನೆಲ್ಲ ನಗುನಗುತ್ತಾ ಗೆದ್ದವನೆಂಬುದನ್ನು ಚಿತ್ರವು ತೋರಿಸಿಯೂ ಎತ್ತಿಹೇಳುವುದಿಲ್ಲ. ಅವನು ಸೋಲಬಹುದಾಗಿದ್ದ ಪರೀಕ್ಷೆ ಒಂದೇ: ಶ್ರೀಮಂತನೆನಿಸಿಕೊಂಡವನಿಗೆ ಬಂದ ವಿಪತ್ತು ಸಂಬಳದಾಕೆಯ ಸಾಲದಿಂದಲೇ, ಈ ರಾತ್ರಿಯೇ, ಮೂರನೆಯವರಿಗೆ ತಿಳಿಯದಂತೆಯೇ ಏಕೆ ಪರಿಹಾರವಾಗಬೇಕು? ಈ ಪ್ರಶ್ನೆಯನ್ನು ಅಕ್ಕನೊಡನೆಯೋ ಗೆಳತಿಯೊಡನೆಯೋ ಗಟ್ಟಿಯಾಗಿ ಆಡಿದ್ದರೆ ಅದರ ಉತ್ತರವೂ ಹೊಳೆಯುತ್ತಿತ್ತು. ಯಾರೊಡನೆಯೂ ಆಡದಂತೆ ಮಾಡುವುದರಲ್ಲಿಯೇ ಅವನ ಅರ್ಧ ಕಸುಬು ಅಡಗಿತ್ತು.

ಒಬ್ಬ ಸಂಬಳದಾಕೆಗೆ ಇಷ್ಟು ಸಾಲ ಹುಟ್ಟಿದ್ದು ಹೇಗೆಂಬುದನ್ನು ನಿರ್ದೇಶಕಿಯು ಸಾಲ ಕೊಟ್ಟವರ ಬಾಗಿಲಿಗೆ ಹೋಗಿ ಕೇಳಿಲ್ಲ. ನನ್ನ ಮಟ್ಟಿಗೆ ಇದೇ ಚಿತ್ರದ ದೊಡ್ಡ ಲೋಪ. ಇಸ್ರೇಲಿನ ನ್ಯಾಯಾಲಯವು ಹಾಯುತ್‌ನಿಗೆ ವಿಧಿಸಿದ ಹದಿನೈದು ತಿಂಗಳ ಶಿಕ್ಷೆಯಲ್ಲಿ ಅವನು ಐದೇ ತಿಂಗಳಲ್ಲಿ ಹೊರಬಂದನೆಂಬುದನ್ನೂ, ಆ ಹೆಂಗಸರು ಇನ್ನೂ ಸಾಲ ತೀರಿಸುತ್ತಲೇ ಇದ್ದಾರೆಂಬುದನ್ನೂ ಕೊನೆಯಲ್ಲಿ ಕೆಲವು ಸಾಲುಗಳ ಬರಹದಲ್ಲಿ ತೋರಿಸಿ ಚಿತ್ರವು ಮುಗಿಯುತ್ತದೆ. ವಿಮಾನಕ್ಕೂ ಹೋಟೆಲಿಗೂ ಸಲ್ಲಿಸಿದ ಕಾಲದಲ್ಲಿ ಅರ್ಧಗಂಟೆಯನ್ನು ಈ ಸಾಲುಗಳಿಗೆ ಮೀಸಲಿಡಬಹುದಾಗಿತ್ತು.