ಕೋಡ್‌ಗೆ ಸಿಕ್ಕ ವಿಳಂಬ, ಕೋಡ್‌ಗೆ ಸಿಗದ ಬೇಡಿಕೆ

ಸಮಾಜ ವಿಜ್ಞಾನಿಗಳು ಪ್ರೋಗ್ರಾಮಿಂಗ್ ಕಲಿತು ಜಾಲತಾಣಗಳಿಂದ ಮಾಹಿತಿ ಇಳಿಸಿಕೊಳ್ಳುವ ಪದ್ಧತಿ ನಮ್ಮಲ್ಲೂ ಬೇರೂರುತ್ತಿದೆ. ಅದರ ಬೆಲೆ ಅಳೆಯಲು ಉದ್ಯೋಗ ಖಾತ್ರಿ ಕೂಲಿಯ ಅಧ್ಯಯನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಾಣುವುದಿಲ್ಲ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ರಾಜೇಂದ್ರನ್ ನಾರಾಯಣನ್, ಅವರೊಂದಿಗೆ ಸಕೀನಾ ಧೋರಾಜಿವಾಲಾ ಮತ್ತು ರಾಜೇಶ್ ಗೋಲಾನಿ, 2016-17ರಲ್ಲಿ 10 ರಾಜ್ಯಗಳಲ್ಲಿ ನಡೆದ 90 ಲಕ್ಷಕ್ಕೂ ಹೆಚ್ಚು ಕೂಲಿ ಪಾವತಿಗಳನ್ನು ಯೋಜನೆಯ ಜಾಲತಾಣದಿಂದ ಇಳಿಸಿಕೊಂಡು ಪರಿಶೀಲಿಸಿದರು.

ಕಾಯ್ದೆಯಂತೆ ಹಾಜರಿ ಪಟ್ಟಿ ಮುಗಿದ 15 ದಿನದೊಳಗೆ ಕೂಲಿ ಕೈಸೇರಬೇಕಿತ್ತು, ತಡವಾದರೆ ಪರಿಹಾರ. ಪಾವತಿಗೆ ಎರಡು ಹಂತ. ಪಂಚಾಯಿತಿ, ತಾಲ್ಲೂಕು ಮಟ್ಟದಲ್ಲಿ ಪಾವತಿ ಆದೇಶ ಸಿದ್ಧವಾಗುವುದು ಮೊದಲನೆಯದು; ಕೇಂದ್ರದಿಂದ ಖಾತೆಗೆ ಹಣ ಬೀಳುವುದು ಎರಡನೆಯದು. ಸರ್ಕಾರದ ಲೆಕ್ಕ ಮೊದಲ ಹಂತದ ವಿಳಂಬವನ್ನಷ್ಟೇ ಎಣಿಸುತ್ತಿತ್ತು. ಎರಡನ್ನೂ ಕೂಡಿಸಿದಾಗ ಸಮಯಕ್ಕೆ ಸರಿಯಾಗಿ ಸಂದ ಪಾವತಿ ಶೇ 21 ಮಾತ್ರ. ಎರಡನೇ ಹಂತಕ್ಕೇ ಸರಾಸರಿ 50 ದಿನಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಸ್ವರಾಜ್ ಅಭಿಯಾನದ ಮೊಕದ್ದಮೆಯಲ್ಲಿ 2018ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಎರಡೂ ಹಂತದ ವಿಳಂಬಕ್ಕೆ ಪರಿಹಾರ ಸಲ್ಲಬೇಕೆಂದಿತು.

ಕೂಲಿ ತಡವಾಗುತ್ತದೆಂಬುದು ದುಡಿದವರಿಗೆಲ್ಲ ಗೊತ್ತಿತ್ತು. ಆದರೆ ಒಂದೂರಿನವರು ಹೇಳಿದ್ದರೆ ಅದು ಅಲ್ಲಿನ ಪಿಡಿಒ ತಪ್ಪೆಂದು ಮುಗಿದುಹೋಗುತ್ತಿತ್ತು. ಲಕ್ಷಾಂತರ ಸಾಲುಗಳು ಒಟ್ಟಾದಾಗ ಆ ಜಾರಿಕೆಗೆ ಎಡೆ ಉಳಿಯಲಿಲ್ಲ. ಪದ್ಧತಿಯ ನಿಜವಾದ ಗೆಲುವು ಇದು. ಈ ಗೆಲುವಿಗೆ ಕೋಡ್‌ನಷ್ಟೇ ಕಾರಣವಾದದ್ದು ಕಾಯ್ದೆಯ ಓದು: ಸರ್ಕಾರದ ಎಣಿಕೆ ಎಲ್ಲಿ ನಿಲ್ಲುತ್ತದೆಂದು ತಿಳಿಯದವನಿಗೆ ಅದೇ ಅಂಕಿಗಳು ಏನನ್ನೂ ಹೇಳುತ್ತಿರಲಿಲ್ಲ.

ಬೀದರ್ ಜಿಲ್ಲೆಯ ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿಯಿಂದ ನೋಡಿದರೆ ಮಿತಿಗಳೂ ಸ್ಪಷ್ಟವಾಗುತ್ತವೆ. 'ಚಿಂಚೋಳಿ' ಎಂದಷ್ಟೇ ಹುಡುಕುವ ಪ್ರೋಗ್ರಾಂ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕನ್ನೂ ಎಳೆದು ತರುತ್ತದೆ. ನಮ್ಮ ಜಿಲ್ಲೆಯ ಔರಾದ್ ಹುಡುಕಿದರೆ, ಗಡಿಯಾಚೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲೂ ಒಂದು ಔರಾದ್ ಇದೆ. ಕನ್ನಡ, ಮರಾಠಿ, ಉರ್ದು ಬೆರೆತ ಈ ನೆಲದಲ್ಲಿ ಒಬ್ಬರದೇ ಹೆಸರು ಜಾಬ್ ಕಾರ್ಡ್‌ನಲ್ಲಿ ಒಂದು ಬಗೆ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ಬಗೆ ಇರಬಹುದು. ಕೋಡ್ ಅವರನ್ನು ಇಬ್ಬರೆಂದು ಎಣಿಸುತ್ತದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾದ ಪಿಡಿಎಫ್‌ನಿಂದ ಪಠ್ಯ ತೆಗೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಬರುತ್ತವೆ. ಗ್ರಾಮ ಸಂಕೇತ ಸಂಖ್ಯೆ, ಯೂನಿಕೋಡ್ ಪರಿವರ್ತಕಗಳಿಂದ ಈ ತೊಡಕುಗಳನ್ನು ಬಹುಮಟ್ಟಿಗೆ ನೀಗಿಸಬಹುದು.

ನೀಗದ ಕೊರತೆ ಬೇರೆ. ಬೇಡಿಕೆ ದಾಖಲೆಯಾಗುವುದು, ನಮೂನೆ 6ರಲ್ಲಿ ಕೆಲಸ ಕೇಳಿದವರ ಅರ್ಜಿಯನ್ನು ತೆಗೆದುಕೊಂಡು ನಮೂದಿಸಿದರೆ ಮಾತ್ರ. ಅರ್ಜಿಯನ್ನೇ ತೆಗೆದುಕೊಳ್ಳದೆ ಕಳಿಸಿದರೆ, ಕೆಲಸ ಸಿಗದೆ ಹೈದರಾಬಾದಿಗೋ ಪುಣೆಗೋ ಗುಳೆ ಹೋದವರು ಜಾಲತಾಣದಲ್ಲಿ ಎಲ್ಲೂ ಇರುವುದಿಲ್ಲ. ಅಲ್ಲಿ ಕಾಣುವ ಕಡಿಮೆ ಬೇಡಿಕೆ ನೆಮ್ಮದಿಯ ಗುರುತಾಗಿರಬಹುದು, ನಿರಾಕರಣೆಯ ಗುರುತೂ ಆಗಿರಬಹುದು. ಯಾವುದೆಂದು ತಿಳಿಯಲು ಕೂಲಿಕಾರರ ತಂಡ ನೋಡಿಕೊಳ್ಳುವ ಕಾಯಕ ಬಂಧುವನ್ನು, ಹಿಂದಿರುಗಿ ಬಂದ ಕೂಲಿಕಾರರನ್ನು ಕೇಳಲೇಬೇಕು. ಜಾಲತಾಣದ ಸಂಖ್ಯೆಯನ್ನೇ ಊರಿನ ಸ್ಥಿತಿಯೆಂದು ಬರೆಯುವ ಪ್ರಬಂಧಗಳು ನನಗೆ ಒಪ್ಪಿಗೆಯಾಗದಿರುವುದು ಇದಕ್ಕಾಗಿಯೇ. ಹೆಸರು, ಜಾತಿ ವರ್ಗ, ಕೂಲಿಯ ಮೊತ್ತ ಎಲ್ಲರಿಗೂ ಕಾಣುವಂತಿವೆ ಎಂಬ ಮಾತ್ರಕ್ಕೆ ಅವನ್ನು ಹಾಗೆಯೇ ಮರುಹಂಚುವುದೂ ಸರಿಯಲ್ಲ. ಪಾರದರ್ಶಕತೆ ಬೇಕಾಗಿರುವುದು ಆಡಳಿತಕ್ಕೆ, ಬಡವರ ಖಾಸಗಿ ಬದುಕಿಗಲ್ಲ.

ಹಾಗೆಂದು ಕೋಡ್ ಬೇಡವೆನ್ನುವುದು ಇನ್ನೂ ದೊಡ್ಡ ನಷ್ಟ. ಈ ಕೌಶಲ ಮಹಾನಗರದ ಸಂಸ್ಥೆಗಳಲ್ಲೇ ಉಳಿದರೆ ಪ್ರಶ್ನೆಗಳೂ ಅಲ್ಲಿಯವೇ ಆಗುತ್ತವೆ. ಬೀದರ್ ವಿಶ್ವವಿದ್ಯಾಲಯ ಇರುವುದು ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲೇ. ಅಲ್ಲಿನ ಸಮಾಜಶಾಸ್ತ್ರ, ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಒಂದು ಅವಧಿಯಲ್ಲಿ ಪೈಥಾನ್ ಕಲಿತು, ಮುಂದಿನ ಅವಧಿಯಲ್ಲಿ ತಮ್ಮ ಪಂಚಾಯಿತಿಯ ದಾಖಲೆಯನ್ನು ಮನೆಮನೆಗೆ ಒಯ್ದು ತಾಳೆ ನೋಡುವಂತಾಗಬೇಕು. ಊರಿನ ಮೂರೂ ನುಡಿ ಬಲ್ಲ ಅವರಿಗೆ ಕಲಿಯಲು ಉಳಿದಿರುವುದು ಕೋಡ್ ಒಂದೇ. ಹೊರಗಿನ ಸಂಶೋಧಕ ಉಳಿದೆಲ್ಲವನ್ನೂ ಕಲಿಯಬೇಕಿದೆ.